ನಳಾ ಬರೂ ದಿನ

ರೈಲ್ವೆ ಕೊಡೂ ಪಾಸು ವರ್ಷಾ ವರ್ಷಾ ದಂಡ.
ಈ ಸಲ ಬಿಡೂದಿಲ್ಲ ಅಂತ
ಊಟ ಆದ ಮ್ಯಾಲೆ, ತಾಟು ಎತ್ತೂ ಮೊದಲ,
ನೆಲದ ಮ್ಯಾಲೆ ಕಾಗದ ಹಾಸಿದೆ:
ಹುಬ್ಬಳ್ಳಿ, ಬೆಂಗಳೂರು, ಅಲ್ಲಿ ಗಾಡಿ ಬದಲಿ,
ಮುಂದ ಕನ್ಯಾಕುಮಾರಿ.
ಎರಡು ಗಾಡಿ ನಡುವ ಮೂರು ತಾಸು ನಲವತ್ತು ನಿಮಿಷ,
ಅದನ್ನ ಕೆಂಪು ಪೆನ್ನಿನಾಗ ಬರದಿದ್ದೆ.
ದಾಕ್ಷಾಯಣಿ ಕಾಗದ ನೋಡಲಿಲ್ಲ,
ಕ್ಯಾಲೆಂಡರ್ ನೋಡಿದ್ಲು.
"ಹದಿನೇಳಕ್ಕ ನಳಾ ಬರ್ತಾವ" ಅಂದ್ಲು.

ನಾಗಶೆಟ್ಟಿಕೊಪ್ಪದಾಗ ನಮಗ ನೀರು ಎಂಟು ದಿನಕ್ಕೊಮ್ಮೆ.
ಹದಿನೆಂಟಕ್ಕ ಹೊಂಟ್ರ?
ಹದಿನೆಂಟಕ್ಕ ಗ್ಯಾಸಿನವಾ.
ಮತ್ತ ಹೆಪ್ಪು?
ಹೆಪ್ಪು ಅಂದ್ರ ಆಕಿ ಜೋಡಿ ಅಣ್ಣಿಗೇರಿಯಿಂದ
ತಂಬಗಿಯೊಳಗ ಕುಂತು ಬಂದದ್ದು,
ಒಂದು ದಿನಾ ತಪ್ಪದ ಇಪ್ಪತ್ತಾರು ವರ್ಷ
ನಮ್ಮ ಜೋಡಿ ಸಂಸಾರ ಮಾಡಿದ್ದು.
ಬಾಜೂಮನಿ ಹಸೀನಾಬಿ ಇಟಗೋತಾಳ ಖರೆ,
ಆದರ ಆಕಿ ಹಾಲಿಗೆ ನೀರು ಬೆರಸ್ತಾಳ.

ಮರುದಿನ ವರ್ಕ್‌ಶಾಪಿನಾಗ ಚಾ ಕುಡಿಯೂ ಮುಂದ
ಫೋರಮನ್ ಕೊಣ್ಣೂರ ಹೇಳಿದ:
"ಗಂಡಸಿನ ಕಣ್ಣು ಹೋಗೂ ಊರಿನ ಮ್ಯಾಲೆ,
ಹೆಂಗಸಿನ ಕಣ್ಣು ಬಿಟ್ಟುಹೋಗೂ ಮನಿ ಮ್ಯಾಲೆ.
ದೇವರೇ ಹಂಗ ಮಾಡ್ಯಾನ, ನಾವೇನ್ ಮಾಡೂಣು?"
ಕೊಣ್ಣೂರನ ಹೆಂಡತಿ ಆರು ವರ್ಷದಿಂದ
ಸವಣೂರಿನ ತವರುಮನ್ಯಾಗ ಇದ್ದಾಳ.
ಅದು ನನಗ ಆಗ ನೆನಪಾಗಲಿಲ್ಲ.
ಮಾತು ಛಲೋ ಅನಿಸ್ತು,
ಖಾಲಿ ಡಬ್ಬಿಯೊಳಗ ಹಾಕ್ಕೊಂಡವರ ಗತೆ ಮನಿಗೆ ತಂದು
ನಂದೇ ಅನ್ನೂ ಹಂಗ ಹೇಳಿದೆ.

ಆಕಿ ಮೆಂತ್ಯಾ ಸೋಸಾಕಹತ್ತಿದ್ಲು. ಕೈ ನಿಂತ್ವು.
"ಹೌದೇನು?
ಹಂಗಾರ ಕಣ್ಣು ಅದಲಿ-ಬದಲಿ ಮಾಡೂಣು.
ನಾ ಅಕ್ಕನ್ನ ಕರಕೊಂಡು ಹೋಗ್ತೀನಿ.
ನೀವು ನಳಾ ಹಿಡೀರಿ."
ಚ್ಯಾಷ್ಟಿ ಅಂತ ತಿಳದು ನಕ್ಕೆ.
ಆಕಿ ನನ್ನ ಕಾಗದ ಮಡಚಿ,
ಕೆಂಪು ಪೆನ್ನಿನ ಸಮೇತ, ವ್ಯಾನಿಟಿ ಬ್ಯಾಗಿನಾಗ ಇಟಗೊಂಡ್ಲು.

ಗಾಡಿ ಬಿಡೂ ಮುಂದ ಕಿಟಕಿಯಿಂದ
ಹದಿನಾಲ್ಕು ಮಾತು ಹೇಳಿದ್ಲು. ಏಳು ನೆನಪುಳದ್ವು.
ನಮ್ಮೂರ ಪ್ಲಾಟ್‌ಫಾರ್ಮು ಭಾಳ ಉದ್ದ,
ಮಂದಿ ಫೋಟೋ ಹೊಡಕೋತಾರ.
ಆಕಿ ಬೋಗಿ ಜೋಡಿ ಮೊದಲ ನಡದೆ, ಆಮ್ಯಾಲೆ ಓಡಿದೆ.
ಒಳಗ ಅಕ್ಕತಂಗಿ ಆಗಲೇ
ಚುರಮರಿ ಪೊಟ್ಟಣ ಬಿಚ್ಚಾಕಹತ್ತಿದ್ರು.

ಹದಿನೇಳು.
ರಾತ್ರಿ ಹನ್ನೊಂದಕ್ಕ ಬರ್ತಾವ ಅಂದ್ರು. ಬರಲಿಲ್ಲ.
ಒಂದಕ್ಕ ಅಂದ್ರು.
ಕಟ್ಟಿ ಮ್ಯಾಲೆ ಕುಂತೆ. ಓಣಿತುಂಬ ಮನಿಗೊಬ್ಬಾಕಿ,
ಕೈಯಾಗ ಪೈಪು, ಬಾಯಾಗ ಅಡಿಕಿ,
ಯಾರದೋ ಸೊಸಿ, ಯಾರದೋ ಮಣಕಾಲು, ನಗಿ.
ನನ್ನ ನೋಡಿ ದನಿ ಸಣ್ಣ ಮಾಡಿದ್ರು.
ನನ್ನ ಬಾಗಲ ಮುಂದ, ನಟ್ಟರಾತ್ರಿ,
ನಾ ಒಮ್ಮೆಯೂ ಇಳೀಲಾರದ ಸ್ಟೇಷನ್ ಒಂದಿತ್ತು.
ಲೆಕ್ಕಾ ಹಾಕಿದೆ, ನನಗ ಬರೂದು ಅದೊಂದೇ:
ಇಪ್ಪತ್ತಾರು ವರ್ಷ, ಎಂಟು ದಿನಕ್ಕೊಮ್ಮೆ,
ಸಾವಿರದಾ ನೂರಾ ಎಂಬತ್ತಾರು ರಾತ್ರಿ.
ಲೆಕ್ಕದ ಮುಂದ ಏನರ ಅನಿಸಬೇಕಿತ್ತು.
ನಿದ್ದಿ ಹತ್ತಿತು.

"ಅಣ್ಣಾ, ನಳಾ!" ಹಸೀನಾಬಿ ಎಬ್ಬಿಸಿದ್ಲು.
ಎರಡೂವರಿ.
ಪೈಪು ಸಿಂಟೆಕ್ಸಿಗೆ, ಕೊಡಾ, ಹಂಡೆ, ಬಕೀಟು,
ಯಾವುದು ಕುಡಿಯೂದು, ಯಾವುದು ಬಳಸೂದು?
ಅದು ಮರತ ಏಳರೊಳಗ ಇತ್ತು.
ಲುಂಗಿ ಮಣಕಾಲತನಕ ತೊಯ್ದಿತ್ತು.

ಆರಕ್ಕ ಫೋನು.
ಗಾಳಿ ಸಪ್ಪಳ, ಅದರಾಚೆ
ಏನೋ ದೊಡ್ಡದು ಉರುಳಿ ಉರುಳಿ ಬೀಳೂ ಹಂಗ.
"ನೀರು ಬಂದ್ವು" ಅಂದೆ, ಕುಸ್ತಿ ಗೆದ್ದವನ ಗತೆ.
ಸ್ವಲ್ಪ ಹೊತ್ತು ಆಕಿ ಮಾತಾಡಲಿಲ್ಲ.
"ಇಲ್ಲೂ ಬರಾಕಹತ್ಯಾವ" ಅಂದ್ಲು,
"ಯಾರೂ ಹಿಡೀವಲ್ರು."

ಹೆಪ್ಪಿನ ಸುದ್ದಿ ಆಕಿ ಕೇಳಲೇ ಇಲ್ಲ.
ಫೋನಿಟ್ಟು, ವಾಟಗಾ ತೊಳಕೊಂಡು
ಹಸೀನಾಬಿ ಬಾಗಲಕ್ಕ ಹೋಗಿ ನಿಂತೆ.